ಸಿರಿವಂತ ಫುಟ್‌ಬಾಲ್ ಕ್ಲಬ್‌ಗಳ ಮೇಲಿನ ಹಣಕಾಸು ಆರೋಪ: ರುಜುವಾತು ಏಕೆ ಇಷ್ಟು ಕಷ್ಟ?

ಮೈದಾನದಂಚು ಕೇಳಿದ ಪ್ರಶ್ನೆ:

ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆಯೊಂದನ್ನು ವಿಷಯ ಬಲ್ಲವರ ಮುಂದೆ ಇಡುತ್ತಿದ್ದೇನೆ. ನಾನು ಎವರ್ಟನ್ ತಂಡದ ಅಭಿಮಾನಿ. ಮೂರು ವರ್ಷಗಳ ಅವಧಿಯಲ್ಲಿ ಒಂದು ಕ್ಲಬ್ ಅನುಭವಿಸಬಹುದಾದ ನಷ್ಟಕ್ಕೆ ಇಂಗ್ಲೆಂಡಿನ ಅಗ್ರ ಶ್ರೇಣಿಯಾದ ಪ್ರೀಮಿಯರ್ ಲೀಗ್ 10.5 ಕೋಟಿ ಪೌಂಡ್‌ಗಳ ಮಿತಿ ಹಾಕಿತ್ತು. ಎವರ್ಟನ್ ಆ ಮಿತಿಯನ್ನು 1.95 ಕೋಟಿ ಪೌಂಡ್‌ಗಳಷ್ಟು ದಾಟಿದೆ ಎಂದು ನಿರ್ಣಯಿಸಿ 2023ರ ನವೆಂಬರ್‌ನಲ್ಲಿ ತಂಡದ ಹತ್ತು ಅಂಕಗಳನ್ನು ಕಡಿತಗೊಳಿಸಲಾಯಿತು. ಮೇಲ್ಮನವಿಯ ನಂತರ ಅದು ಆರು ಅಂಕಗಳಿಗೆ ಇಳಿಯಿತಾದರೂ 2024ರ ಏಪ್ರಿಲ್‌ನಲ್ಲಿ ಮುಂದಿನ ಲೆಕ್ಕದ ಅವಧಿಗಾಗಿ ಮತ್ತೆರಡು ಅಂಕಗಳು ಹೋದವು. ಮೊದಲ ಪ್ರಕರಣದಲ್ಲಿ ಆರೋಪ ಹೊರಿಸಿದ್ದು ಮಾರ್ಚ್‌ನಲ್ಲಿ, ತೀರ್ಪು ಬಂದದ್ದು ನವೆಂಬರ್‌ನಲ್ಲಿ. ಎಂಟು ತಿಂಗಳಲ್ಲಿ ವಿಚಾರಣೆ ಮುಗಿದು ಶಿಕ್ಷೆಯೂ ಜಾರಿಯಾಗಿತ್ತು.

ಇನ್ನೊಂದು ಕಡೆ ಮ್ಯಾಂಚೆಸ್ಟರ್ ಸಿಟಿಯ ಪ್ರಕರಣವಿದೆ. ಲೀಗ್ ಆ ಕ್ಲಬ್ಬಿನ ಮೇಲೆ ನೂರಕ್ಕೂ ಹೆಚ್ಚು ಆರೋಪಗಳನ್ನು ಹೊರಿಸಿ ಸ್ವತಂತ್ರ ಆಯೋಗಕ್ಕೆ ಒಪ್ಪಿಸಿದ್ದು 2023ರ ಫೆಬ್ರವರಿ 6ರಂದು, ಅಂದರೆ ಎವರ್ಟನ್ ಮೇಲೆ ಆರೋಪ ಹೊರಿಸುವುದಕ್ಕೂ ಮೊದಲು. ವಿಚಾರಣೆ ಆರಂಭವಾದದ್ದು 2024ರ ಸೆಪ್ಟೆಂಬರ್ 16ರಂದು, ಮುಗಿದದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ನಾನಿದನ್ನು ಬರೆಯುತ್ತಿರುವ 2025ರ ಅಕ್ಟೋಬರ್‌ವರೆಗೂ ತೀರ್ಪು ಹೊರಬಿದ್ದಿಲ್ಲ. ಕ್ಲಬ್ ಎಲ್ಲ ಆರೋಪಗಳನ್ನೂ ನಿರಾಕರಿಸಿದೆ, ಮತ್ತು ತೀರ್ಪು ಬರುವವರೆಗೆ ಅದನ್ನು ತಪ್ಪಿತಸ್ಥ ಎನ್ನುವ ಹಕ್ಕು ಯಾರಿಗೂ ಇಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ.

ನನಗೆ ಅರ್ಥವಾಗದಿರುವುದು ಇಷ್ಟು. ಜರ್ಮನಿಯ ಡೇರ್ ಶ್ಪೀಗಲ್ ಪತ್ರಿಕೆ 2018ರ ನವೆಂಬರ್‌ನಲ್ಲೇ ಕ್ಲಬ್ಬಿನ ಒಳಗಿನ ಇ-ಮೇಲ್‌ಗಳನ್ನು ಪ್ರಕಟಿಸಿತ್ತು. ಪ್ರಾಯೋಜಕರ ಹೆಸರಿನಲ್ಲಿ ಬಂದ ಹಣದ ಬಹುಭಾಗ ಮಾಲೀಕರ ಕಡೆಯಿಂದ ಬಂದಿರಬಹುದು ಎಂಬ ಅರ್ಥ ಬರುವ ಸಾಲುಗಳು ಅವುಗಳಲ್ಲಿದ್ದವು. ಬರವಣಿಗೆಯಲ್ಲಿಯೇ ಇರುವ ಮಾತಿಗೆ ಇನ್ನೆಂಥ ಪುರಾವೆ ಬೇಕು? ಇದು ಹಣಬಲ ಮತ್ತು ಪ್ರಭಾವದ ಫಲವೋ, ಅಥವಾ ಇಂಥ ಆರೋಪಗಳನ್ನು ರುಜುವಾತುಪಡಿಸುವುದೇ ಸ್ವಭಾವತಃ ಕಷ್ಟವೋ? ಕ್ಲಬ್‌ಗಳ ಪರ-ವಿರೋಧದ ಜಗಳ ನನಗೆ ಬೇಡ. ವಿವರಿಸಬಲ್ಲವರು ದಯವಿಟ್ಟು ವಿವರಿಸಬೇಕು.

ತಾಳೆಪಟ್ಟಿ ಬರೆದ ಉತ್ತರ:

ಪ್ರಶ್ನೆ ನ್ಯಾಯವಾದದ್ದು. ನಾನು ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವವನಾದ್ದರಿಂದ ಆ ದೃಷ್ಟಿಯಿಂದಲೇ ಉತ್ತರಿಸುತ್ತೇನೆ. ಎವರ್ಟನ್ ಪ್ರಕರಣವನ್ನೂ ಸಿಟಿಯ ಪ್ರಕರಣವನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸಹಜವೇ ಆದರೂ ಇವೆರಡೂ ಬೇರೆ ಬೇರೆ ಜಾತಿಯ ಆರೋಪಗಳು, ಮತ್ತು ವಿಳಂಬದ ಬಹುಪಾಲು ಕಾರಣ ಈ ವ್ಯತ್ಯಾಸದಲ್ಲಿಯೇ ಇದೆ.

ಎವರ್ಟನ್ ತಾನೇ ಸಲ್ಲಿಸಿದ ಲೆಕ್ಕಪತ್ರಗಳೇ ಅದರ ವಿರುದ್ಧದ ಮುಖ್ಯ ಪುರಾವೆಯಾಗಿದ್ದವು. ಮಿತಿ ದಾಟಿದ್ದನ್ನು ಕ್ಲಬ್ ಕೊನೆಗೆ ಒಪ್ಪಿಕೊಂಡಿತು. ವಾದ ನಡೆದದ್ದು ಎಷ್ಟು ದಾಟಿತು, ಏಕೆ ದಾಟಿತು, ಶಿಕ್ಷೆ ಎಷ್ಟಿರಬೇಕು ಎಂಬ ಬಗ್ಗೆ. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನದೂ ಹಾಗೆಯೇ. ಮೂರು ವರ್ಷಗಳಲ್ಲಿ ಎರಡನ್ನು ಕೆಳಗಿನ ಶ್ರೇಣಿಯಲ್ಲಿ ಕಳೆದಿದ್ದರಿಂದ ಅದರ ಮಿತಿ 6.1 ಕೋಟಿ ಪೌಂಡ್ ಆಗಿತ್ತು, ಮೀರಿದ ಮೊತ್ತ 3.45 ಕೋಟಿ. ಆಟಗಾರ ಬ್ರೆನನ್ ಜಾನ್ಸನ್ ಅವರನ್ನು ಲೆಕ್ಕದ ವರ್ಷ ಮುಗಿಯುವ ಜೂನ್ 30ರ ಗಡುವಿನೊಳಗೆ ಮಾರುವ ಬದಲು ಸೆಪ್ಟೆಂಬರ್ 1ರಂದು ಹೆಚ್ಚಿನ ಬೆಲೆಗೆ ಮಾರಿದ್ದು ಜಾಣ ನಿರ್ಧಾರವೇ ಆಗಿತ್ತು ಎಂದು ಅವರು ವಾದಿಸಿದರು. ಆಯೋಗ ಆ ವಾದವನ್ನು ಒಪ್ಪಲಿಲ್ಲ, ಆದರೆ ತಪ್ಪೊಪ್ಪಿಗೆ ಮತ್ತು ಸಹಕಾರವನ್ನು ಗಮನಿಸಿ ಆರು ಅಂಕಗಳ ಶಿಕ್ಷೆಯನ್ನು ನಾಲ್ಕಕ್ಕೆ ಇಳಿಸಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುವಂಥ ಪ್ರಕರಣಗಳಿವು. ಕೂಡಿ ಕಳೆದರೆ ಉತ್ತರ ಸಿಗುತ್ತದೆ.

ಸಿಟಿಯ ಮೇಲಿನ ಮುಖ್ಯ ಆರೋಪ ಲೆಕ್ಕಪತ್ರಗಳು ತೋರಿಸುವ ನಷ್ಟದ ಬಗ್ಗೆ ಅಲ್ಲ, ಲೆಕ್ಕಪತ್ರಗಳೇ ನಿಜವಲ್ಲ ಎಂಬುದರ ಬಗ್ಗೆ. 2009-10ರಿಂದ 2017-18ರವರೆಗಿನ ಒಂಬತ್ತು ಋತುಗಳಲ್ಲಿ ಕ್ಲಬ್ ತನ್ನ ಹಣಕಾಸಿನ ಸ್ಥಿತಿಯ ಬಗ್ಗೆ, ವಿಶೇಷವಾಗಿ ಪ್ರಾಯೋಜಕತ್ವದ ಆದಾಯದ ಬಗ್ಗೆ, ಸರಿಯಾದ ಮಾಹಿತಿ ಕೊಡಲಿಲ್ಲವೆಂಬುದು ಒಂದು ಗುಂಪಿನ ಆರೋಪ. ತರಬೇತುದಾರರಿಗೂ ಆಟಗಾರರಿಗೂ ಕೊಟ್ಟ ಸಂಭಾವನೆಯ ಪೂರ್ಣ ವಿವರ ತಿಳಿಸಲಿಲ್ಲವೆಂಬುದು ಇನ್ನೊಂದು. ಯುರೋಪಿನ ಆಡಳಿತ ಮಂಡಳಿಯಾದ ಯುಇಎಫ್‌ಎಯ ನಿಯಮಗಳನ್ನೂ ಲೀಗ್‌ನ ನಷ್ಟಮಿತಿಯ ನಿಯಮಗಳನ್ನೂ ಉಲ್ಲಂಘಿಸಿತೆಂಬ ಆರೋಪಗಳು ಬಹುಮಟ್ಟಿಗೆ ಮೊದಲಿನ ಎರಡರಿಂದ ಹುಟ್ಟುವಂಥವು. ಕೊನೆಯದು, 2018ರ ಡಿಸೆಂಬರ್‌ನಿಂದ ನಡೆದ ತನಿಖೆಗೆ ಸಹಕರಿಸಲಿಲ್ಲವೆಂಬುದು.

ಮೊದಲ ಗುಂಪಿನ ಆರೋಪವನ್ನು ರುಜುವಾತುಪಡಿಸಬೇಕಾದರೆ ಲೀಗ್ ಏನೇನು ತೋರಿಸಬೇಕು ಎಂಬುದನ್ನು ಒಮ್ಮೆ ಯೋಚಿಸಿ ನೋಡಿ. ಪ್ರಾಯೋಜಕ ಕಂಪನಿಯ ಖಾತೆಯಿಂದ ಕ್ಲಬ್ಬಿನ ಖಾತೆಗೆ ಹಣ ಬಂದಿದೆ. ಒಪ್ಪಂದವಿದೆ, ರಸೀದಿಯಿದೆ, ಅಂಗಿಯ ಮೇಲೆ ಆ ಕಂಪನಿಯ ಹೆಸರೂ ಇದೆ. ಲೆಕ್ಕಪರಿಶೋಧಕನ ಕಣ್ಣಿಗೆ ಬೀಳುವುದು ಇಷ್ಟೇ, ಮತ್ತು ಇದರಲ್ಲಿ ಒಂದೂ ಸುಳ್ಳಲ್ಲ. ಆರೋಪವಿರುವುದು ಇದರ ಹಿಂದಿನ ಹೆಜ್ಜೆಯಲ್ಲಿ. ಪ್ರಾಯೋಜಕರ ಖಾತೆಗೆ ಆ ಹಣವನ್ನು ತುಂಬಿದವರು ಯಾರು? ಮಾಲೀಕರೇ ತುಂಬಿದ್ದರೆ ಅದು ಕ್ಲಬ್ಬಿನ ಗಳಿಕೆಯಲ್ಲ, ಆದಾಯದ ವೇಷದಲ್ಲಿ ಒಳಬಂದ ಬಂಡವಾಳ. ಆದರೆ ಆ ಹಿಂದಿನ ಹೆಜ್ಜೆಯ ದಾಖಲೆ ಕ್ಲಬ್ಬಿನ ಪುಸ್ತಕಗಳಲ್ಲಿ ಇರುವುದೇ ಇಲ್ಲ. ಅದು ಇದ್ದರೆ ಬೇರೊಂದು ದೇಶದ ಬೇರೊಂದು ಸಂಸ್ಥೆಯ ಪುಸ್ತಕಗಳಲ್ಲಿ, ಲೀಗ್‌ನ ಕೈಗೆ ಎಟುಕದ ಬ್ಯಾಂಕಿನಲ್ಲಿ ಇರುತ್ತದೆ. ಪ್ರೀಮಿಯರ್ ಲೀಗ್ ಪೊಲೀಸರಲ್ಲ. ತನ್ನ ಸದಸ್ಯ ಕ್ಲಬ್‌ನಿಂದ ದಾಖಲೆ ಕೇಳುವ ಅಧಿಕಾರ ಅದಕ್ಕೆ ಕರಾರಿನ ಮೂಲಕ ಬಂದದ್ದು. ಆ ಕರಾರಿಗೆ ಸಹಿ ಹಾಕದ ವಿಮಾನಯಾನ ಸಂಸ್ಥೆಯನ್ನಾಗಲಿ ದೂರಸಂಪರ್ಕ ಕಂಪನಿಯನ್ನಾಗಲಿ ಅದು ಒತ್ತಾಯಿಸಲಾರದು.

ಪತ್ರಿಕೆ ಪ್ರಕಟಿಸಿದ ಇ-ಮೇಲ್‌ಗಳಲ್ಲಿ ಬಹಳ ಚರ್ಚೆಯಾದ ಒಂದರ ಪ್ರಕಾರ, ಪ್ರಾಯೋಜಕ ವಿಮಾನಯಾನ ಸಂಸ್ಥೆ ಎತಿಹಾದ್ ಕೊಡಬೇಕಾಗಿದ್ದ 6.75 ಕೋಟಿ ಪೌಂಡ್‌ಗಳಲ್ಲಿ 80 ಲಕ್ಷವನ್ನು ಮಾತ್ರ ಆ ಸಂಸ್ಥೆಯೇ ಭರಿಸಿ ಉಳಿದ 5.95 ಕೋಟಿಯನ್ನು ಮಾಲೀಕರ ಸಂಸ್ಥೆಯಾದ ಅಬುಧಾಬಿ ಯುನೈಟೆಡ್ ಗ್ರೂಪ್ ಭರಿಸಬೇಕಿತ್ತು. ಓದಿದವರಿಗೆ ಇದು ತಪ್ಪೊಪ್ಪಿಗೆಯಂತೆ ಕಾಣುವುದು ಸಹಜ. ಆದರೆ ಬರೆದದ್ದಕ್ಕೂ ನಡೆದದ್ದಕ್ಕೂ ನಡುವೆ ಅಂತರವಿದೆ. ಹೀಗೆ ಮಾಡಬೇಕು ಎಂದು ಬರೆದದ್ದು ಹಾಗೆಯೇ ನಡೆಯಿತು ಎಂಬುದಕ್ಕೆ ಬೇರೆಯ ಆಧಾರ ಬೇಕಾಗುತ್ತದೆ, ಮತ್ತು ಅದು ನಡೆದಿಲ್ಲವೆಂದು ಪ್ರಾಯೋಜಕರ ಕಡೆಯವರೇ ಬಂದು ಸಾಕ್ಷಿ ನುಡಿದರೆ ಆ ಸಾಕ್ಷ್ಯವನ್ನು ತಳ್ಳಿಹಾಕಲು ಕಾರಣ ಕೊಡಬೇಕಾಗುತ್ತದೆ.

ಕಟಕಟೆ ಬರೆದ ಉತ್ತರ:

ತಾಳೆಪಟ್ಟಿಯವರು ಕೊನೆಯಲ್ಲಿ ಹೇಳಿದ ಅಂತರವೇ 2020ರಲ್ಲಿ ಯುಇಎಫ್‌ಎಗೆ ಮುಳುವಾಯಿತು. ಆ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಸಿಟಿ ಪೂರ್ಣ ನಿರ್ದೋಷಿಯೆಂದು ಸಾಬೀತಾಯಿತು ಎನ್ನುವವರೂ, ಕೇವಲ ಕಾಲಮಿತಿಯಿಂದ ಪಾರಾಯಿತು ಎನ್ನುವವರೂ ಅದನ್ನು ಅರ್ಧವಷ್ಟೇ ಓದಿರುತ್ತಾರೆ.

2020ರ ಫೆಬ್ರವರಿ 14ರಂದು ಯುಇಎಫ್‌ಎಯ ಹಣಕಾಸು ನಿಯಂತ್ರಣ ಮಂಡಳಿ ಸಿಟಿಯನ್ನು ಎರಡು ಋತುಗಳ ಕಾಲ ಯುರೋಪಿನ ಸ್ಪರ್ಧೆಗಳಿಂದ ನಿಷೇಧಿಸಿ 3 ಕೋಟಿ ಯೂರೋ ದಂಡ ಹಾಕಿತು. ಕ್ಲಬ್ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ, ಅಂದರೆ ಕ್ರೀಡಾ ವ್ಯಾಜ್ಯಗಳನ್ನು ಮಧ್ಯಸ್ಥಿಕೆಯಿಂದ ತೀರ್ಮಾನಿಸುವ ಸಂಸ್ಥೆಗೆ, ಹೋಯಿತು. ಮೂವರು ಪಂಚರ ಮುಂದೆ ಜೂನ್‌ನಲ್ಲಿ ಮೂರು ದಿನ ವಿಡಿಯೊ ಮೂಲಕ ವಿಚಾರಣೆ ನಡೆಯಿತು; ಜುಲೈ 13ರಂದು ನಿಷೇಧ ರದ್ದಾಗಿ ದಂಡ 1 ಕೋಟಿ ಯೂರೋಗೆ ಇಳಿಯಿತು. ಕಾರಣಗಳು ಎರಡು. ಒಂದು, ಯುಇಎಫ್‌ಎಯ ಕಾರ್ಯವಿಧಾನದ ನಿಯಮದಲ್ಲಿಯೇ ಐದು ವರ್ಷಗಳ ಕಾಲಮಿತಿಯಿತ್ತು. ಎತಿಸಲಾತ್ ಎಂಬ ದೂರಸಂಪರ್ಕ ಕಂಪನಿಗೆ ಸಂಬಂಧಿಸಿದ ಪಾವತಿಗಳು ಆ ಮಿತಿಯಾಚೆಗೆ ಹೋಗಿದ್ದರಿಂದ ಅವುಗಳ ಸತ್ಯಾಸತ್ಯತೆಯ ಬಗ್ಗೆ ನಿರ್ಣಯವೇ ಆಗಲಿಲ್ಲ. ಇನ್ನೊಂದು, ಕಾಲಮಿತಿಯೊಳಗಿದ್ದ ಎತಿಹಾದ್ ಆರೋಪಗಳ ವಿಷಯದಲ್ಲಿ ಇ-ಮೇಲ್‌ಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಯಿತಾದರೂ, ಅವುಗಳಲ್ಲಿ ಹೇಳಿದ ವ್ಯವಸ್ಥೆ ಕಾರ್ಯಗತವಾಯಿತೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಬಹುಮತದ ನಿರ್ಣಯವಾಯಿತು. ಉಳಿದ 1 ಕೋಟಿ ಯೂರೋ ದಂಡ ತನಿಖೆಗೆ ಸಹಕರಿಸದಿದ್ದುದಕ್ಕೆ.

ಇಂಗ್ಲೆಂಡಿನ ಪ್ರಕರಣ ಬೇರೆ ನೆಲದ ಮೇಲೆ ನಿಂತಿದೆ. ಪ್ರೀಮಿಯರ್ ಲೀಗ್ ನಿಯಮಗಳಲ್ಲಿ ಯುಇಎಫ್‌ಎಯಂಥ ಐದು ವರ್ಷಗಳ ಕಟ್ಟು ಇಲ್ಲ. ಇಂಗ್ಲೆಂಡಿನ 1980ರ ಕಾಲಮಿತಿ ಕಾಯ್ದೆಯ ಪ್ರಕಾರ ಕರಾರಿನ ಉಲ್ಲಂಘನೆಗೆ ಸಾಮಾನ್ಯವಾಗಿ ಆರು ವರ್ಷಗಳ ಮಿತಿ. ಆದರೆ ಅದೇ ಕಾಯ್ದೆಯ 32ನೇ ವಿಧಿಯಂತೆ, ಸಂಗತಿಯನ್ನು ಬೇಕೆಂದೇ ಮುಚ್ಚಿಟ್ಟಿದ್ದರೆ ಅದು ಬೆಳಕಿಗೆ ಬಂದ ದಿನದಿಂದ, ಇಲ್ಲವೇ ತಕ್ಕ ಎಚ್ಚರದಿಂದ ಪತ್ತೆಹಚ್ಚಬಹುದಾಗಿದ್ದ ದಿನದಿಂದ, ಲೆಕ್ಕ ಶುರುವಾಗುತ್ತದೆ. ಇದರ ಪರಿಣಾಮ ಕುತೂಹಲಕರ. ಹಳೆಯ ಋತುಗಳ ಆರೋಪಗಳು ಉಳಿಯಬೇಕಾದರೆ ಲೀಗ್ ಕೇವಲ ತಪ್ಪು ಮಾಹಿತಿಯನ್ನು ತೋರಿಸಿದರೆ ಸಾಲದು, ಉದ್ದೇಶಪೂರ್ವಕ ಮರೆಮಾಚುವಿಕೆಯನ್ನೂ ತೋರಿಸಬೇಕಾಗಬಹುದು. ಅಂದರೆ ಕಾಲಮಿತಿಯ ಪ್ರಶ್ನೆಯೂ ಅಪ್ರಾಮಾಣಿಕತೆಯ ಪ್ರಶ್ನೆಯೂ ಒಂದರೊಳಗೊಂದು ಹೆಣೆದುಕೊಂಡಿವೆ.

ರುಜುವಾತಿನ ಮಟ್ಟದ ಬಗ್ಗೆಯೂ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಇದು ಕ್ರಿಮಿನಲ್ ಮೊಕದ್ದಮೆಯಲ್ಲ, ಆದ್ದರಿಂದ ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕಾಗಿಲ್ಲ. ನಡೆದಿರುವ ಸಾಧ್ಯತೆ ನಡೆಯದಿರುವ ಸಾಧ್ಯತೆಗಿಂತ ಹೆಚ್ಚು ಎಂದು ಆಯೋಗಕ್ಕೆ ಮನವರಿಕೆಯಾದರೆ ಸಾಕು. ಆರೋಪ ಗಂಭೀರವಾದ ಮಾತ್ರಕ್ಕೆ ಈ ಮಟ್ಟ ಏರುವುದಿಲ್ಲ ಎಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2008ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗಿದ್ದರೂ ಒಂದು ಮಾತನ್ನು ಮರೆಯಬಾರದು. ಹೆಸರಾಂತ ಸಂಸ್ಥೆಗಳ ನಿರ್ದೇಶಕರು, ಹಣಕಾಸು ಅಧಿಕಾರಿಗಳು, ಪ್ರಾಯೋಜಕರು ಎಲ್ಲರೂ ಸೇರಿ ಒಂಬತ್ತು ವರ್ಷ ಸುಳ್ಳು ಲೆಕ್ಕ ಬರೆದರೆಂಬುದು ದಿನನಿತ್ಯ ನಡೆಯುವ ಸಂಗತಿಯಲ್ಲ. ಅಪರೂಪದ ಸಂಗತಿಯನ್ನು ನಂಬಿಸಲು ಬಲವಾದ ಸಾಕ್ಷ್ಯವೇ ಬೇಕೆಂದು ನ್ಯಾಯಾಧೀಶರು ಸಹಜವಾಗಿ ಬಯಸುತ್ತಾರೆ. ಮಟ್ಟ ಕಾಗದದ ಮೇಲೆ ಅದೇ ಆಗಿದ್ದರೂ ಏರಬೇಕಾದ ದಾರಿ ಕಡಿದಾಗುತ್ತದೆ.

ಮೂರು ದಿನಗಳ ವಿಚಾರಣೆಗೂ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನಡೆದ ವಿಚಾರಣೆಗೂ ಇರುವ ವ್ಯತ್ಯಾಸವನ್ನು ನೀವೇ ಗಮನಿಸಿ. ಅಷ್ಟು ಕಾಲದಲ್ಲಿ ಸಾಕ್ಷಿಗಳ ಪಾಟೀಸವಾಲು ನಡೆಯುತ್ತದೆ, ತಜ್ಞರ ವರದಿಗಳ ಪರಿಶೀಲನೆ ನಡೆಯುತ್ತದೆ. ಲೀಗ್‌ನ ಬಳಿ ಯುಇಎಫ್‌ಎಗಿಂತ ಹೆಚ್ಚಿನ ದಾಖಲೆಗಳು ಇರಬಹುದೆಂದು ಊಹಿಸಲು ಇದೊಂದು ಆಧಾರ, ಆದರೆ ಊಹೆಯಷ್ಟೇ.

ಮೈದಾನದಂಚು:

ಇಬ್ಬರಿಗೂ ಕೃತಜ್ಞತೆಗಳು. ಎವರ್ಟನ್ ತನ್ನ ಲೆಕ್ಕವನ್ನು ತಾನೇ ಒಪ್ಪಿಸಿದ್ದರಿಂದ ಬೇಗ ಶಿಕ್ಷೆಗೊಳಗಾಯಿತೆಂಬುದು ಅರ್ಥವಾಯಿತು, ಆದರೆ ಅದು ನೋವನ್ನು ಕಡಿಮೆ ಮಾಡುವುದಿಲ್ಲ. ಲೆಕ್ಕ ಬಿಚ್ಚಿಟ್ಟವರಿಗೆ ಎಂಟು ತಿಂಗಳು, ಬಿಚ್ಚಿಡಲಿಲ್ಲವೆಂಬ ಆರೋಪ ಹೊತ್ತವರಿಗೆ ವರ್ಷಗಟ್ಟಲೆ ಕಾಲಾವಕಾಶ ಎಂದಾದರೆ ನಾಳೆ ಯಾವ ಕ್ಲಬ್ ಪ್ರಾಮಾಣಿಕವಾಗಿ ಲೆಕ್ಕ ಕೊಡುತ್ತದೆ? ಇನ್ನೂ ಒಂದು ಸಂದೇಹ. ಪ್ರಾಯೋಜಕತ್ವದ ಮೊತ್ತ ಅತಿಯಾಯಿತೆಂದು ತೋರಿಸಿದರೆ ಸಾಲದೇ? ಹಣ ಎಲ್ಲಿಂದ ಬಂತೆಂದು ಏಕೆ ಹುಡುಕಬೇಕು?

ಎರಡನೆಯ ಅವಧಿ ಬರೆದ ಉತ್ತರ:

ಮೇಲಿನ ಇಬ್ಬರ ವಿವರಣೆ ಸರಿಯಾಗಿದೆ, ಆದರೆ ಹಣಬಲದ ಪಾತ್ರವನ್ನು ಅವರು ಬಹಳ ಹಗುರವಾಗಿ ದಾಟಿ ಹೋಗಿದ್ದಾರೆಂಬುದು ನನ್ನ ಆಕ್ಷೇಪ. ಆರೋಪ ಕ್ಲಿಷ್ಟವಾಗಿದೆ ಎಂಬುದು ನಿಜ. ಆ ಕ್ಲಿಷ್ಟತೆಯ ಪ್ರತಿಯೊಂದು ಮೆಟ್ಟಿಲಿನಲ್ಲೂ ನಿಂತು ವಾದಿಸುವ ಶಕ್ತಿ ಯಾರಿಗಿದೆ ಎಂಬುದೂ ಅಷ್ಟೇ ನಿಜ.

ಲೀಗ್‌ನ ತನಿಖೆ ಆರಂಭವಾದದ್ದು 2018ರ ಡಿಸೆಂಬರ್‌ನಲ್ಲಿ. ದಾಖಲೆ ಕೊಡುವಂತೆ ಕೇಳಿದಾಗ, ಲೀಗ್‌ನ ನಿಯಮಗಳಡಿ ವಿವಾದ ತೀರ್ಮಾನಿಸುವ ಪಂಚಾಯ್ತಿ ಮಂಡಳಿಗೆ ಆ ಅಧಿಕಾರವೇ ಇಲ್ಲ, ಮಂಡಳಿ ನಿಷ್ಪಕ್ಷಪಾತಿಯಾಗಿ ಕಾಣುವುದೂ ಇಲ್ಲ ಎಂದು ಕ್ಲಬ್ ಹೈಕೋರ್ಟಿಗೆ ಹೋಯಿತು. ಅಲ್ಲಿ ಸೋತ ಮೇಲೆ ಆ ತೀರ್ಪನ್ನು ಪ್ರಕಟಿಸಬಾರದೆಂದು ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು, ಅಲ್ಲಿಯೂ ಸೋತಿತು. ಅದು 2021ರ ಜುಲೈ. ಎರಡೂವರೆ ವರ್ಷಗಳಾದರೂ ತನಿಖೆ ಇಷ್ಟು ಕಡಿಮೆ ಮುಂದುವರಿದಿರುವುದು ಆಶ್ಚರ್ಯಕರ ಮತ್ತು ಸಾರ್ವಜನಿಕರು ಕಾಳಜಿ ವಹಿಸಬೇಕಾದ ವಿಷಯವೆಂದು ನ್ಯಾಯಮೂರ್ತಿ ಮೇಲ್ಸ್ ಆ ತೀರ್ಪಿನಲ್ಲಿ ದಾಖಲಿಸಿದರು. ಅಷ್ಟರಲ್ಲಿ ಕ್ಲಬ್ ಎರಡು ಸಲ ಚಾಂಪಿಯನ್ ಆಗಿತ್ತೆಂಬುದನ್ನೂ ನೆನಪಿಸಿದರು. ನ್ಯಾಯಾಲಯಕ್ಕೆ ಹೋಗುವುದು ಪ್ರತಿಯೊಬ್ಬರ ಹಕ್ಕು, ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆ ಹಕ್ಕನ್ನು ಇಷ್ಟು ದೂರ ಚಲಾಯಿಸುವ ಖರ್ಚನ್ನು ಸಾಮಾನ್ಯ ಕ್ಲಬ್ ತಡೆದುಕೊಳ್ಳಲಾರದು, ಮತ್ತು ತಡವಾದಷ್ಟೂ ಸಾಕ್ಷಿಗಳ ನೆನಪು ಮಾಸುತ್ತದೆ, ಅಧಿಕಾರಿಗಳು ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಹಳೆಯ ಕಡತಗಳು ಉಳಿದಿರುವುದಿಲ್ಲ. ವಿಳಂಬವು ಸಾಕ್ಷ್ಯವನ್ನು ತಿನ್ನುತ್ತದೆ.

ಲೆಸ್ಟರ್ ಪ್ರಕರಣವನ್ನೂ ಇದರ ಜೊತೆಗೆ ನೋಡಬೇಕು. 2022-23ರಲ್ಲಿ ಆ ಕ್ಲಬ್ ಕೆಳಗಿನ ಶ್ರೇಣಿಗೆ ಇಳಿಯಿತು. ಅದರ ಲೆಕ್ಕದ ವರ್ಷ ಮುಗಿಯುವುದು ಜೂನ್ 30ರಂದು, ಆ ದಿನಕ್ಕೆ ಮೊದಲೇ ಅದು ಪ್ರೀಮಿಯರ್ ಲೀಗ್‌ನ ಸದಸ್ಯತ್ವ ಕಳೆದುಕೊಂಡಿತ್ತು. ನಿಯಮದ ಪದಗಳನ್ನು ಅವು ಇದ್ದಂತೆಯೇ ಓದಿದ ಮೇಲ್ಮನವಿ ಮಂಡಳಿ, ಲೀಗ್‌ಗೆ ಈ ವಿಷಯದಲ್ಲಿ ಅಧಿಕಾರವಿಲ್ಲವೆಂದು 2024ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಇಲ್ಲಿ ಪುರಾವೆಯ ಕೊರತೆ ಇರಲಿಲ್ಲ, ನಿಯಮ ಬರೆದವರ ಎಚ್ಚರದ ಕೊರತೆ ಇತ್ತು. ಅಂಥ ಬಿರುಕನ್ನು ಪತ್ತೆಹಚ್ಚುವುದು ಒಳ್ಳೆಯ ವಕೀಲರು, ಮತ್ತು ಅವರು ಸಿಗುವುದು ಹಣವಿದ್ದವರಿಗೆ.

ತಾಳೆಪಟ್ಟಿ:

ಎರಡನೆಯ ಅವಧಿಯವರ ಆಕ್ಷೇಪವನ್ನು ಒಪ್ಪುತ್ತೇನೆ. ನಾನು ಅದಕ್ಕೆ ತಕ್ಕ ಜಾಗ ಕೊಡಲಿಲ್ಲ. ಈಗ ಮೈದಾನದಂಚು ಅವರ ಸಂದೇಹಕ್ಕೆ ಬರುತ್ತೇನೆ, ಏಕೆಂದರೆ ಇಡೀ ವಿಷಯದಲ್ಲಿ ನನ್ನ ವೃತ್ತಿಗೆ ಅತ್ಯಂತ ಹತ್ತಿರವಾದ ಭಾಗ ಇದೇ.

ಮೊತ್ತ ಅತಿಯಾಯಿತೆಂದು ಹೇಳಲು ನ್ಯಾಯವಾದ ಮೊತ್ತ ಎಷ್ಟೆಂದು ಮೊದಲು ಹೇಳಬೇಕು. ಚಾಂಪಿಯನ್ ತಂಡದ ಅಂಗಿಯ ಮೇಲಿನ ಜಾಹೀರಾತಿಗೆ ಮಾರುಕಟ್ಟೆಯ ಬೆಲೆ ಯಾವುದು? ಹೋಲಿಕೆಗೆ ಸಿಗುವ ಒಪ್ಪಂದಗಳು ನಾಲ್ಕೈದು, ಅವುಗಳಲ್ಲಿಯೂ ಪ್ರತಿಯೊಂದೂ ಬೇರೆ. ಕ್ಲಬ್ ಒಬ್ಬ ಮೌಲ್ಯಮಾಪಕರನ್ನು ತರುತ್ತದೆ, ಆರೋಪಿಸುವವರು ಇನ್ನೊಬ್ಬರನ್ನು ತರುತ್ತಾರೆ, ಇಬ್ಬರ ಅಂಕಿಗಳ ನಡುವೆ ಕೋಟಿಗಟ್ಟಲೆ ವ್ಯತ್ಯಾಸವಿರುತ್ತದೆ, ಮತ್ತು ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು. ಡಾರ್ಬಿ ಕೌಂಟಿ ಕ್ಲಬ್ ತನ್ನ ಕ್ರೀಡಾಂಗಣವನ್ನು ತನ್ನದೇ ಮಾಲೀಕರ ಕಂಪನಿಗೆ 8.11 ಕೋಟಿ ಪೌಂಡ್‌ಗಳಿಗೆ ಮಾರಿ ನಷ್ಟ ತುಂಬಿಕೊಂಡಾಗ ಕೆಳಗಿನ ಶ್ರೇಣಿಗಳನ್ನು ನಡೆಸುವ ಇಂಗ್ಲಿಷ್ ಫುಟ್‌ಬಾಲ್ ಲೀಗ್ ಆ ಬೆಲೆ ಅತಿಯಾಯಿತೆಂದು ಆರೋಪ ಹೊರಿಸಿತು. 2020ರಲ್ಲಿ ಆ ಆರೋಪ ಬಿದ್ದುಹೋಯಿತು. ಅದೇ ಕ್ಲಬ್ ಆಟಗಾರರ ಖರೀದಿ ವೆಚ್ಚವನ್ನು ವರ್ಷವರ್ಷಕ್ಕೆ ಹಂಚುವ ಕ್ರಮ ಲೆಕ್ಕಶಾಸ್ತ್ರದ ನಿಯಮಕ್ಕೆ ಒಗ್ಗುವುದಿಲ್ಲವೆಂಬ ವಾದ ಮಾತ್ರ ಮೇಲ್ಮನವಿಯಲ್ಲಿ ನಿಂತಿತು, ಕೊನೆಗೆ 2021ರ ನವೆಂಬರ್‌ನಲ್ಲಿ ಒಂಬತ್ತು ಅಂಕಗಳು ಹೋದವು. ಬೆಲೆ ಅಭಿಪ್ರಾಯದ ವಿಷಯ, ಲೆಕ್ಕ ಬರೆಯುವ ಕ್ರಮ ನಿಯಮದ ವಿಷಯ. ಎರಡನೆಯದನ್ನು ಪರೀಕ್ಷಿಸಬಹುದು.

ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಕೂಡ ಕ್ರೀಡಾಂಗಣವನ್ನು ಮಾರಿತ್ತು. ಅಲ್ಲಿ ಸಿಕ್ಕಿಬಿದ್ದದ್ದು ಬೆಲೆಯಲ್ಲಲ್ಲ, ದಿನಾಂಕದಲ್ಲಿ. 2017-18ರ ಲೆಕ್ಕದಲ್ಲಿ ತೋರಿಸಿದ ಮಾರಾಟ ಆ ವರ್ಷದಲ್ಲಿ ನಡೆದಿರಲೇ ಇಲ್ಲ. ಹನ್ನೆರಡು ಅಂಕಗಳ ಶಿಕ್ಷೆ ಮೇಲ್ಮನವಿಯಲ್ಲಿ ಆರಕ್ಕೆ ಇಳಿಯಿತು. ದಿನಾಂಕಕ್ಕೆ ಮೌಲ್ಯಮಾಪಕರು ಬೇಕಾಗುವುದಿಲ್ಲ.

ಇಟಲಿಯ ಯುವೆಂಟಸ್ ಪ್ರಕರಣ ಇದಕ್ಕಿಂತಲೂ ಹೆಚ್ಚಿನದನ್ನು ಕಲಿಸುತ್ತದೆ. ಎರಡು ಕ್ಲಬ್‌ಗಳು ಆಟಗಾರರನ್ನು ಪರಸ್ಪರ ಬದಲಾಯಿಸಿಕೊಂಡು ಇಬ್ಬರಿಗೂ ದೊಡ್ಡ ಬೆಲೆ ಬರೆದುಕೊಂಡರೆ, ಕೈಬದಲಾಗುವ ನಗದು ಅಲ್ಪವಾಗಿದ್ದರೂ ಎರಡೂ ಕಡೆಯ ಪುಸ್ತಕಗಳಲ್ಲಿ ಅದೇ ವರ್ಷ ಲಾಭ ಕಾಣುತ್ತದೆ. ಖರೀದಿಯ ವೆಚ್ಚವಾದರೋ ಒಪ್ಪಂದದ ವರ್ಷಗಳ ಮೇಲೆ ಹಂಚಿಹೋಗುತ್ತದೆ. ಇಂಥ ವ್ಯವಹಾರಗಳ ಬಗ್ಗೆ ಹೊರಿಸಿದ ಆರೋಪ 2022ರಲ್ಲಿ ಬಿದ್ದುಹೋಯಿತು, ಏಕೆಂದರೆ ಆಟಗಾರನ ನಿಜವಾದ ಬೆಲೆಯನ್ನು ಹೇಳುವ ಒಪ್ಪಿತ ಅಳತೆಗೋಲು ಇಲ್ಲ. ಆಮೇಲೆ ಟ್ಯೂರಿನ್‌ನ ಸರ್ಕಾರಿ ಅಭಿಯೋಜಕರು ತಮ್ಮ ತನಿಖೆಯಲ್ಲಿ ಸಂಗ್ರಹಿಸಿದ್ದ ದೂರವಾಣಿ ಸಂಭಾಷಣೆಗಳೂ ಕ್ಲಬ್ಬಿನೊಳಗಿನ ಕಾಗದಪತ್ರಗಳೂ ಫುಟ್‌ಬಾಲ್ ಒಕ್ಕೂಟದ ಕೈಸೇರಿದವು. ಪ್ರಕರಣ ಮತ್ತೆ ತೆರೆಯಿತು, 2023ರ ಜನವರಿಯಲ್ಲಿ ಹದಿನೈದು ಅಂಕಗಳ ಕಡಿತವಾಯಿತು, ಮೇಲಿನ ಹಂತದಿಂದ ಮರುಪರಿಶೀಲನೆಗೆ ಬಂದು ಮೇ ತಿಂಗಳಲ್ಲಿ ಹತ್ತಕ್ಕೆ ನಿಂತಿತು. ಆಟಗಾರರ ಬೆಲೆಗಳು ಮೊದಲಿದ್ದವೇ. ಬದಲಾದದ್ದು, ಆ ಬೆಲೆಗಳನ್ನು ಯಾವ ಉದ್ದೇಶದಿಂದ ಬರೆದರೆಂಬುದರ ಬಗ್ಗೆ ಬರೆದವರದೇ ಮಾತುಗಳು ಸಿಕ್ಕವು. ದೂರವಾಣಿ ಕದ್ದಾಲಿಸುವ ಅಧಿಕಾರ ಸರ್ಕಾರಕ್ಕಿದೆ, ಕ್ರೀಡಾ ಸಂಸ್ಥೆಗಿಲ್ಲ.

ಇದನ್ನೆಲ್ಲ ಅರಿತೇ ಪ್ರೀಮಿಯರ್ ಲೀಗ್ 2021ರ ಡಿಸೆಂಬರ್‌ನಲ್ಲಿ, ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ನೇತೃತ್ವದಲ್ಲಿ ನ್ಯೂಕಾಸಲ್ ಕ್ಲಬ್ಬಿನ ಖರೀದಿ ನಡೆದ ಬೆನ್ನಲ್ಲೇ, ಮಾಲೀಕರಿಗೆ ಸಂಬಂಧಪಟ್ಟ ಕಂಪನಿಗಳ ಜೊತೆಗಿನ ಒಪ್ಪಂದಗಳನ್ನು ಮೊದಲೇ ಪರಿಶೀಲಿಸುವ ನಿಯಮ ತಂದಿತು. ಹಣ ಬಂದ ಮೇಲೆ ಅದರ ಮೂಲ ಹುಡುಕುವ ಬದಲು ಒಪ್ಪಂದ ಜಾರಿಯಾಗುವ ಮೊದಲೇ ಬೆಲೆಯನ್ನು ತೂಗುವುದು ಅದರ ಆಶಯ. ಆ ನಿಯಮವನ್ನೂ ಸಿಟಿ ಪ್ರಶ್ನಿಸಿತು. ಮಾಲೀಕರು ಕೊಡುವ ಬಡ್ಡಿರಹಿತ ಸಾಲಗಳನ್ನು ಪರಿಶೀಲನೆಯಿಂದ ಹೊರಗಿಟ್ಟದ್ದು ಕಾನೂನುಬಾಹಿರವೆಂದು ಪಂಚಾಯ್ತಿ ಮಂಡಳಿ 2024ರಲ್ಲಿ ಹೇಳಿತು, ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡರು.

ಕಟಕಟೆ:

ಮೈದಾನದಂಚು ಅವರು ಎತ್ತಿದ ಇನ್ನೊಂದು ಪ್ರಶ್ನೆ, ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟವರಿಗೆ ಏನು ಲಾಭ ಎಂಬುದು, ಉತ್ತರವಿಲ್ಲದೆ ಉಳಿಯಬಾರದು. ಚೆಲ್ಸಿ ಪ್ರಕರಣದಲ್ಲಿ ಅದಕ್ಕೆ ಒಂದು ಮಟ್ಟದ ಉತ್ತರವಿದೆ. ರೋಮನ್ ಅಬ್ರಮೋವಿಚ್ ಅವರಿಂದ 2022ರಲ್ಲಿ ಕ್ಲಬ್ ಕೊಂಡ ಹೊಸ ಮಾಲೀಕರು ಹಳೆಯ ಲೆಕ್ಕಗಳಲ್ಲಿ ಕಂಡ ಅಪೂರ್ಣ ಮಾಹಿತಿಯನ್ನು ತಾವೇ ಆಡಳಿತ ಸಂಸ್ಥೆಗಳಿಗೆ ತಿಳಿಸಿದರು. 2012ರಿಂದ 2019ರ ನಡುವಿನ ವ್ಯವಹಾರಗಳಿಗಾಗಿ ಯುಇಎಫ್‌ಎ ಜೊತೆ 1 ಕೋಟಿ ಯೂರೋಗಳಿಗೆ 2023ರಲ್ಲಿ ಒಪ್ಪಂದವಾಯಿತು. ಮುಖ್ಯವಾಗಿ ದಲ್ಲಾಳಿಗಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ 74 ಆರೋಪಗಳನ್ನು ಹೊರಿಸಿದೆ. ಸಿಟಿಯ ವಿಷಯದಲ್ಲಿ ವರ್ಷಗಟ್ಟಲೆ ಹೋರಾಡಿ ಪಡೆಯಬೇಕಾದಂಥ ದಾಖಲೆಗಳು ಇಲ್ಲಿ ಒಳಗಿನಿಂದಲೇ ಬಂದವು, ಏಕೆಂದರೆ ಮುಚ್ಚಿಡುವುದರಲ್ಲಿ ಹೊಸ ಮಾಲೀಕರಿಗೆ ಯಾವ ಹಿತಾಸಕ್ತಿಯೂ ಇರಲಿಲ್ಲ. ಮಾಲೀಕತ್ವ ಬದಲಾಗದ ಕ್ಲಬ್ಬಿನಲ್ಲಿ ಇಂಥ ಅನುಕೂಲ ಒದಗುವುದಿಲ್ಲ.

ಒದಗದಿದ್ದಾಗ ಉಳಿಯುವ ಒಂದು ಸಾಧನವನ್ನು ಇಲ್ಲಿ ಯಾರೂ ಹೇಳಿಲ್ಲ. ದಾಖಲೆ ತನ್ನ ಹತೋಟಿಯಲ್ಲಿದ್ದೂ ಒಬ್ಬ ಕಕ್ಷಿದಾರ ಸರಿಯಾದ ಕಾರಣವಿಲ್ಲದೆ ಅದನ್ನು ಹಾಜರುಪಡಿಸದಿದ್ದರೆ, ಅದು ಅವನಿಗೆ ವಿರುದ್ಧವಾಗಿಯೇ ಇದ್ದಿರಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಪಂಚರಿಗಿರುತ್ತದೆ. ಸಹಕರಿಸಲಿಲ್ಲವೆಂಬ ಆರೋಪವನ್ನು ಜನ ಚಿಲ್ಲರೆ ವಿಷಯವೆಂದು ಬದಿಗೊತ್ತುತ್ತಾರೆ, ಆದರೆ ಸಿಟಿ ಪ್ರಕರಣದ ಆರೋಪಗಳಲ್ಲಿ ಅದಕ್ಕೂ ಗಣನೀಯ ಪಾಲಿದೆ. ಅದು ಸಾಬೀತಾದರೆ ಉಳಿದ ಆರೋಪಗಳ ಸಾಕ್ಷ್ಯವನ್ನು ಓದುವ ದೃಷ್ಟಿಯೂ ಬದಲಾಗಬಹುದು.

ಇದಕ್ಕೂ ಮಿತಿಯಿದೆ. ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಆಟಗಾರರ ಜೊತೆ ಮಾಡಿಕೊಂಡಿದ್ದ ಪ್ರತ್ಯೇಕ ಪತ್ರಗಳನ್ನು ಲೀಗ್‌ಗೆ ತಿಳಿಸಿರಲಿಲ್ಲವೆಂಬುದು 2013ರಲ್ಲಿ ಸಾಬೀತಾಯಿತು. ಪತ್ರಗಳಿದ್ದವು, ಬಚ್ಚಿಟ್ಟದ್ದೂ ನಿಜವಾಗಿತ್ತು. ಆದರೆ ಅದರಿಂದ ಆಟದಲ್ಲಿ ಅನ್ಯಾಯದ ಲಾಭವಾಯಿತೆಂಬುದು ಸಿದ್ಧವಾಗಲಿಲ್ಲವೆಂದು ಆಯೋಗ ಹೇಳಿ 2.5 ಲಕ್ಷ ಪೌಂಡ್ ದಂಡ ಹಾಕಿ ಮುಗಿಸಿತು. ಗೆದ್ದ ಪ್ರಶಸ್ತಿಗಳು ಉಳಿದವು. ಸಿಟಿಯ ವಿಷಯದಲ್ಲಿ ಸಂಭಾವನೆಯ ಆರೋಪಗಳನ್ನು ಆಯೋಗ ಒಪ್ಪಿದರೂ ಶಿಕ್ಷೆಯ ಹಂತದಲ್ಲಿ ಇದೇ ಪ್ರಶ್ನೆ ಮತ್ತೆ ಏಳುತ್ತದೆ. ಹಾಗಾಗಿ ತೀರ್ಪಿನ ಪ್ರತಿ ಕೈಗೆ ಬಂದ ದಿನ ನಾನು ಮೊದಲು ತೆರೆದು ನೋಡುವುದು ಅಂಕ ಕಡಿತದ ಸಂಖ್ಯೆಯನ್ನಲ್ಲ, ಪ್ರಾಯೋಜಕರ ಕಡೆಯಿಂದ ಯಾರು ಬಂದು ಸಾಕ್ಷಿ ನುಡಿದರು ಮತ್ತು ಅವರ ಮಾತನ್ನು ಆಯೋಗ ನಂಬಿತೇ ಇಲ್ಲವೇ ಎಂಬ ಭಾಗವನ್ನು.

ಮೈದಾನದಂಚು:

ಸಹಕಾರದ ಆರೋಪಕ್ಕೆ ಇಷ್ಟು ತೂಕವಿದೆಯೆಂಬುದು ನನಗೆ ತಿಳಿದಿರಲಿಲ್ಲ. ಎವರ್ಟನ್ ತೀರ್ಪನ್ನು ಇನ್ನೊಮ್ಮೆ ತೆಗೆದು ಓದಿದೆ. ಕ್ಲಬ್ ಮಾಹಿತಿ ಕೊಡುವಲ್ಲಿ ಪ್ರಾಮಾಣಿಕವಾಗಿರಲಿಲ್ಲವೆಂದು ಮೊದಲ ಆಯೋಗ ಭಾವಿಸಿದ್ದು ಸರಿಯಲ್ಲವೆಂದು ಮೇಲ್ಮನವಿ ಮಂಡಳಿ ಹೇಳಿದ್ದು, ಶಿಕ್ಷೆ ಹತ್ತರಿಂದ ಆರಕ್ಕೆ ಇಳಿಯಲು ಕೊಟ್ಟ ಕಾರಣಗಳಲ್ಲಿ ಒಂದು. ಅಂದು ಆ ಸಾಲನ್ನು ನಾನು ಗಮನಿಸಿರಲೇ ಇಲ್ಲ.